ಬ್ರೆಡ್ಡಿನ ಬೂಷ್ಟನ್ನು ಬೆಳೆಸಿ ಗುರುತಿಸುವ ಬಗೆ

ಬ್ರೆಡ್ಡಿನ ಮೇಲೆ ಕಪ್ಪು ಚುಕ್ಕೆ ಕಂಡೊಡನೆ ‘ರೈಜೋಪಸ್’ ಎಂಬ ಬೂಷ್ಟಿನ ಹೆಸರನ್ನು ಪ್ರಯೋಗ ಪುಸ್ತಕದಲ್ಲಿ ಬರೆದುಬಿಡುವ ರೂಢಿ ನಮ್ಮ ಪಿಯುಸಿ ವಿದ್ಯಾರ್ಥಿಗಳಲ್ಲಿದೆ. ಆಸ್ಪರ್ಜಿಲಸ್ ನೈಜರ್ ಎಂಬ ಇನ್ನೊಂದು ಬೂಷ್ಟು ಕೂಡ ಕಪ್ಪೇ ಆಗಿರುವುದರಿಂದ, ಬಣ್ಣವನ್ನು ನಂಬದೆ ರಚನೆಯನ್ನು ನೋಡಿ ಹೆಸರಿಡಬೇಕು.

ಬೆಳಗಾವಿಯ ಮಳೆಗಾಲದಲ್ಲಿ ಬ್ರೆಡ್ಡಿಗೆ ಬೂಷ್ಟು ಹಿಡಿಸಲು ಯಾವ ಪ್ರಯತ್ನವೂ ಬೇಡ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಮಾತ್ರ, ನಾನು ಒಂದು ವರ್ಷ ತೆರೆದಿಟ್ಟ ಹೋಳುಗಳೆಲ್ಲ ಕಡಕ್ ರೊಟ್ಟಿಯಂತೆ ಸೆಟೆದು ನಿಂತವು. ತೇವವಿಲ್ಲದಲ್ಲಿ ಬೀಜಾಣು ಮೊಳೆಯದು, ಕಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡದಿರುವುದೂ ಅದಕ್ಕೇ. ಪೊಟ್ಟಣದ ಬ್ರೆಡ್ಡಿನಲ್ಲಿ ಹೆಚ್ಚಾಗಿ ಬೂಷ್ಟು ತಡೆಯುವ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಇರುವುದರಿಂದ, ಅದಿಲ್ಲದ ಬೇಕರಿ ಪಾವ್ ಆರಿಸಿಕೊಳ್ಳಿ. ಅರ್ಧ ಗಂಟೆ ಗಾಳಿಗೆ ಬಿಟ್ಟು, ನೀರು ಚಿಮುಕಿಸಿ, ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿ, ನೀರಿನ ಹರವಿಯ ಪಕ್ಕದಂಥ ತಂಪು ನೆರಳಿನಲ್ಲಿಡಿ. ಸುಮಾರು 25 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಆಸ್ತಮಾ ಅಥವಾ ಹತೋಟಿಯಲ್ಲಿಲ್ಲದ ಮಧುಮೇಹ ಇರುವವರು ಇದನ್ನು ಮುಟ್ಟಬಾರದು. 2021ರಲ್ಲಿ ನಾವೆಲ್ಲ ಕೇಳಿದ ‘ಕಪ್ಪು ಶಿಲೀಂಧ್ರ’ ಕಾಯಿಲೆಯನ್ನು ತರುವವುಗಳಲ್ಲಿ ರೈಜೋಪಸ್‌ನ ಪ್ರಭೇದಗಳೂ ಇವೆ. ಉಳಿದವರೂ ಮೂಸಿ ನೋಡಬಾರದು.

ಎರಡನೆಯ ದಿನ ಬಿಳಿ ಅರಳೆಯಂಥ ಎಳೆಗಳು ಹರಡುತ್ತವೆ, ಮೂರು-ನಾಲ್ಕನೆಯ ದಿನ ಕಪ್ಪು ಗುಂಡುಸೂಜಿ ತಲೆಗಳು ಮೂಡುತ್ತವೆ. ಆಗ ಭೂತಗನ್ನಡಿ ಹಿಡಿದು ನೋಡಿ: ನಮ್ಮ ಕಡೆ ಕರಕಿ ಎನ್ನುವ ಗರಿಕೆ ನೆಲದ ಮೇಲೆ ಹಬ್ಬುತ್ತ ಗೆಣ್ಣುಗೆಣ್ಣಿಗೆ ಬೇರೂರುವಂತೆ, ಒಂದು ಎಳೆ ಬಿಲ್ಲಿನಂತೆ ಬಾಗಿ ಬ್ರೆಡ್ಡನ್ನು ಮುಟ್ಟಿದಲ್ಲಿ ಕಂದು ಬೇರೆಳೆಗಳ ಕುಚ್ಚನ್ನು ಕೆಳಗಿಳಿಸಿ, ಅದೇ ಜಾಗದಿಂದ ಮೇಲಕ್ಕೆ ಮೂರು-ನಾಲ್ಕು ಕಾಂಡಗಳನ್ನು ಎತ್ತಿರುತ್ತದೆ. ಇದೇ ರೈಜೋಪಸ್‌ನ ಗುರುತು. ಬೇರೆಳೆಯೇ ಇಲ್ಲದಿದ್ದರೆ ಅದು ಮ್ಯೂಕರ್ ಎಂಬ ಬೇರೆ ಬೂಷ್ಟು ಆಗಿರಬಹುದು. ಕಾಂಡಗಳು ಎರಡು ಬೇರುಕುಚ್ಚುಗಳ ನಡುವಿನಿಂದ ಎದ್ದಿದ್ದರೆ ಆಬ್ಸಿಡಿಯಾ ಬಳಗದ್ದು.

ಸೂಜಿಯಿಂದ ಚೂರು ಎಳೆಯನ್ನೆತ್ತಿ ಸ್ಲೈಡಿನ ಮೇಲೆ ಒಂದು ಹನಿ ಲ್ಯಾಕ್ಟೊಫಿನಾಲ್ ಕಾಟನ್ ಬ್ಲೂ ಎಂಬ ನೀಲಿ ಬಣ್ಣದ ದ್ರವದಲ್ಲಿ ಹರಡಿ, ಸೂಕ್ಷ್ಮದರ್ಶಕದಲ್ಲಿ ನೋಡಿ. ರೈಜೋಪಸ್ ಎಳೆಗೆ ಅಡ್ಡಗೋಡೆಗಳಿರುವುದಿಲ್ಲ. ಒಂದೇ ಕೊಳವೆಯೊಳಗೆ ಅನೇಕ ಕೋಶಕೇಂದ್ರಗಳಿರುತ್ತವೆ. ಬೀಜಾಣುಗಳು ಚೀಲದೊಳಗಿರುತ್ತವೆ, ಚೀಲ ಒಡೆದ ಮೇಲೆ ಒಳಗಿನ ಗುಮ್ಮಟ ಕುಸಿದು ಬಿಚ್ಚಿದ ಕೊಡೆಯಂತೆ ತೂಗುವುದನ್ನು ಒಮ್ಮೆ ಕಂಡವರು ಮರೆಯಲಾರರು. ಆಸ್ಪರ್ಜಿಲಸ್‌ನಲ್ಲಾದರೆ ಅಡ್ಡಗೋಡೆಗಳುಂಟು, ಚೀಲವಿಲ್ಲ. ಬೀಜಾಣುಗಳು ಸರಪಳಿಯಾಗಿ ಬಯಲಲ್ಲೇ ಜೋಡಣೆಯಾಗಿರುತ್ತವೆ.

ಇದಿಷ್ಟೂ ನಿರ್ಲಿಂಗ ಸಂತಾನೋತ್ಪತ್ತಿ. ಪಠ್ಯದ ಚಿತ್ರದಲ್ಲಿರುವ ಜೈಗೋಸ್ಪೋರ್, ಅಂದರೆ ಎರಡು ಎಳೆಗಳು ಕೂಡಿ ಆಗುವ ಬೀಜಾಣು, ಸಿಗಲಿಲ್ಲವೆಂದು ಹಲವರು ಬೇಸರಪಡುತ್ತಾರೆ. ಇಲ್ಲಿ ಗಂಡು-ಹೆಣ್ಣು ನೋಟಕ್ಕೆ ಬೇರೆ ಕಾಣುವುದಿಲ್ಲ. ಪ್ಲಸ್ ಮತ್ತು ಮೈನಸ್ ಎಂಬ ಎರಡು ತಳಿಗಳು ಎದುರಾದರೆ ಮಾತ್ರ ಕೂಡಿಕೆ ನಡೆಯುತ್ತದೆಂದು ಅಮೆರಿಕದ ಸಸ್ಯವಿಜ್ಞಾನಿ ಬ್ಲೇಕ್ಸ್‌ಲೀ 1904ರಲ್ಲಿ ತೋರಿಸಿದರು. ಎರಡೂ ತಳಿಗಳು ದೊರೆತರೆ, ಬೂಷ್ಟು ಬೆಳೆಸಲು ಬಳಸುವ ಆಲೂಗಡ್ಡೆ ಅಗರ್ ತಟ್ಟೆಯ ಎರಡು ಅಂಚುಗಳಲ್ಲಿ ಒಂದೊಂದನ್ನು ಬಿತ್ತಿ: ಅವು ಸಂಧಿಸುವಲ್ಲಿ ಕಪ್ಪು ಗೆರೆಯೊಂದು ಮೂಡುತ್ತದೆ. ಆ ಗೆರೆಯೆಲ್ಲ ದಪ್ಪ, ಒರಟು ಗೋಡೆಯ ಜೈಗೋಸ್ಪೋರ್‌ಗಳೇ.

ವರ್ಗೀಕರಣ ಬರೆಯುವಾಗ ಪಿಯುಸಿ ಪರೀಕ್ಷೆಗೆ ಪಠ್ಯದಲ್ಲಿರುವ ಫೈಕೋಮೈಸೀಟ್ಸ್ ಎಂದೇ ಬರೆಯಿರಿ. ಆದರೆ ಆ ಗುಂಪನ್ನು ತಜ್ಞರು ಕೈಬಿಟ್ಟು ಬಹಳ ಕಾಲವಾಗಿದೆ. ಅನಂತರ ಬಂದ ಜೈಗೋಮೈಕೋಟಾವೂ 2016ರಲ್ಲಿ ಎರಡಾಗಿ ಒಡೆದು, ರೈಜೋಪಸ್ ಈಗ ಮ್ಯೂಕೊರೊಮೈಕೋಟಾ ವಿಭಾಗದ ಮ್ಯೂಕೊರೇಲೀಸ್ ಗಣದಲ್ಲಿದೆ.

ನೋಡಿ ಮುಗಿದ ಬಳಿಕ ಡಬ್ಬಿಯನ್ನು ಹೊರಗೊಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕುದಿಯುವ ನೀರು ಸುರಿದು ಬ್ರೆಡ್ಡನ್ನು ಹೂಳಿರಿ. ಬೂಷ್ಟು ಕಾಣುವ ಭಾಗವನ್ನು ಕಿತ್ತು ಉಳಿದದ್ದನ್ನು ದನಕ್ಕೆ ಹಾಕುವುದೂ ಬೇಡ, ಏಕೆಂದರೆ ಕಣ್ಣಿಗೆ ಕಾಣದ ಎಳೆಗಳು ಅಷ್ಟರಲ್ಲಿ ಒಳಗೆ ಹಬ್ಬಿರುತ್ತವೆ.