ಕೆಂಪು ಯೀಸ್ಟ್ ಕೊನೆಗೂ ಕೆಂಪಾಯ್ತು

ಮೂರು ವರ್ಷದಿಂದ "ಬೆಲ್ಲಾನೂ ದಂಡ, ಕರೆಂಟೂ ದಂಡ" ಅಂತ ನಗುತ್ತಿದ್ದ ಗೆಳೆಯ ಮೊನ್ನೆ ಮಹಾಲಿಂಗಪುರಕ್ಕೆ ಬಂದಾಗ ಬಾಟಲಿ ಎತ್ತಿ ನೋಡಿ, "ಇದೇನ್ಲೇ, ಗಜ್ಜರಿ ರಸ ತುಂಬಿಟ್ಟೀಯೇನು?" ಅಂದ. ನನಗೆ ಅಷ್ಟೇ ಸಾಕಿತ್ತು.

ನಾನು ಬೆಳೆಸುವುದು ರೋಡೊಟೊರುಲಾ, ಅಂದರೆ ಗಜ್ಜರಿಯಲ್ಲಿರುವಂಥ ಕ್ಯಾರೋಟಿನಾಯ್ಡ್ ಬಣ್ಣ ಮಾಡುವ ಕೆಂಪು ಯೀಸ್ಟ್. ನನ್ನದು ತಿಕೋಟಾ ಕಡೆಯ ದ್ರಾಕ್ಷಿ ಎಲೆಯಿಂದ ತೆಗೆದ ತಳಿ. ಕಾಕಂಬಿಗೆ ಅಬಕಾರಿಯವರ ರಗಳೆ ಬೇಡ ಅಂತ ಅದರ ಆಹಾರಕ್ಕೆ ಗಾಣದ ಒಡೆದ ಬೆಲ್ಲವನ್ನೇ ಕರಗಿಸಿ ಕುಕ್ಕರಿನಲ್ಲಿ ಕೂಗಿಸಿದೆ. ಮೊದಲ ವರ್ಷ ಸಾರಜನಕಕ್ಕೆ ಅಂತ ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಧಾರಾಳವಾಗಿ ಸುರಿದೆ. ಮಜ್ಜಿಗೆಯ ಹಾಗೆ ದಪ್ಪಗೆ ಬೆಳೆಯಿತು, ಬಣ್ಣ ಮಾತ್ರ ಮಾಸಿದ ಗುಲಾಬಿ. ಸಾರಜನಕ ಹೊಟ್ಟೆತುಂಬ ಸಿಕ್ಕರೆ ಅದು ಮರಿ ಹಾಕುತ್ತಲೇ ಇರುತ್ತದೆ, ಬಣ್ಣದ ಉಸಾಬರಿಗೇ ಹೋಗಲ್ಲ. ಸಾರಜನಕ ಮುಗಿದಿರಬೇಕು, ಸಕ್ಕರೆ ಉಳಿದಿರಬೇಕು.

ಎರಡನೇ ವರ್ಷ, ಬೆಳಕು ಬಿದ್ದರೆ ಬಣ್ಣ ಹೆಚ್ಚುತ್ತದೆ ಅಂತ ಮೊದಲ ದಿನದಿಂದಲೇ ಎಲ್‌ಇಡಿ ಪಟ್ಟಿ ಸುತ್ತಿದೆ. ಬಣ್ಣ ಬಂತು, ಯೀಸ್ಟೇ ಬರಲಿಲ್ಲ. ಲೀಟರಿಗೆ ಒಣಗಿಸಿದ್ದು ಎರಡು ಗ್ರಾಮೂ ಇರಲಿಲ್ಲ ಅನ್ನಿ. ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನ ಬಿಸಿಗೆ ಇಡೀ ಬ್ಯಾಚ್ ಹೋಯಿತು. ಅಷ್ಟರಲ್ಲಿ ಸುಮಾರು 28,000 ರೂಪಾಯಿ ಕೈಬಿಟ್ಟಿತ್ತು, ಮನೆಯಲ್ಲಿ ಹೇಳಿದ್ದು 12 ಸಾವಿರ.

ದಾರಿ ತೋರಿಸಿದ್ದು ಒಂದು ಫಾಯಿಲ್ ತುಂಡು. 'ಅ' ಅಕ್ಷರ ಕತ್ತರಿಸಿ ಯೀಸ್ಟ್ ಹಚ್ಚಿದ ಪ್ಲೇಟಿನ ಮುಚ್ಚಳಕ್ಕೆ ಅಂಟಿಸಿ ಲೈಟಿನ ಕೆಳಗಿಟ್ಟೆ. ನಾಲ್ಕು ದಿನಕ್ಕೆ 'ಅ' ಬೆಳ್ಳಗೆ ಕಾಣಿಸಿತು, ಸುತ್ತ ಹವಳದ ಕೆಂಪು. ಬೆಳ್ಳಗಿನ ಕಾಲನಿಗಳು ದಪ್ಪ, ಕೆಂಪಿನವು ಸಣ್ಣ. ಅಂದರೆ ಎರಡೂ ಕೆಲಸ ಒಟ್ಟಿಗೆ ಆಗಲ್ಲ, ಅಲ್ವಾ? ಈಗ ಮೊದಲು ಕರಿ ಬಟ್ಟೆ ಸುತ್ತಿ ಬೆಳೆಸುತ್ತೇನೆ, ಆಮೇಲೆ ಲೈಟು, ಮೀನಿನ ತೊಟ್ಟಿಯ ಎರಡು ಪಂಪಿನ ಗಾಳಿ. ಬಟ್ಟೆ ಎಷ್ಟನೇ ತಾಸಿಗೆ ತೆಗೆಯುತ್ತೇನೆ, ಸಾರಜನಕಕ್ಕೆ ಹಾಕುವ ಅಮೋನಿಯಂ ಸಲ್ಫೇಟ್ ಎಷ್ಟು ಅಂತ ಕೇಳಬೇಡಿ.

ನಡುವೆ ಸುಮ್ನೆ ಚಟಕ್ಕೆ ಬ್ರೆಡ್ ಯೀಸ್ಟಿನಲ್ಲಿ ಎಡಿಇ2 ಅನ್ನುವ ಜೀನ್ ಕೆಟ್ಟ ತಳಿಯನ್ನೂ ಬೆಳೆಸಿದೆ. ಡಿಎನ್ಎಗೆ ಬೇಕಾದ ಅಡೆನಿನ್ ಅನ್ನುವ ಅಂಶ ಕಡಿಮೆ ಕೊಟ್ಟರೆ ಅದೂ ಕೆಂಪಾಗುತ್ತದೆ, ಆದರೆ ಅದು ಕ್ಯಾರೋಟಿನಾಯ್ಡ್ ಅಲ್ಲ. ಅಡೆನಿನ್ ಮಾಡುವ ಕೆಲಸ ಅರ್ಧಕ್ಕೆ ನಿಂತು, ಉಳಿದ ಸರಕು ಕೋಶದೊಳಗಿನ ವ್ಯಾಕ್ಯೂಲ್ ಅನ್ನುವ ಚೀಲದಲ್ಲಿ ಕೂತು ಬರುವ ಬಣ್ಣ. ನೋಡಲು ಚೆಂದ, ನನಗೆ ಕೆಲಸಕ್ಕೆ ಬರಲಿಲ್ಲ.

ಇನ್ನು ಬಣ್ಣ ಹೊರಗೆ ತೆಗೆಯುವುದು. ಬರೀ ಅಸಿಟೋನಿಗೆ ಯೀಸ್ಟ್ ಕೋಶದ ಈ ಗಟ್ಟಿ ಗೋಡೆ ಬಗ್ಗಲ್ಲ, ಗಾಜಿನ ಮಣಿ ಹಾಕಿ ಕೈ ನೋಯುವವರೆಗೂ ಕುಲುಕಬೇಕು. ಹಾಗೆ ತೆಗೆದ ಮೊದಲ ಬಾಟಲಿಯನ್ನು ಖುಷಿಯಲ್ಲಿ ಕಿಟಕಿಯಲ್ಲಿಟ್ಟೆ, ಹೊರತೆಗೆದ ಬಣ್ಣ ಬೆಳಕಿಗೆ ಕೆಟ್ಟು ಎರಡು ದಿನದಲ್ಲಿ ನೀರಿನಂತಾಯಿತು. ಅದಕ್ಕೇ ಮೊನ್ನೆ ಗೆಳೆಯ ಬಿಸಿಲಿಗೆ ಹಿಡಿದು ನೋಡುತ್ತಿದ್ದ ಬಾಟಲಿಯನ್ನು ಕಸಿದುಕೊಂಡು ಫಾಯಿಲ್ ಸುತ್ತಿ ಫ್ರಿಜ್ಜಿಗೆ ಹಾಕಿದೆ.