ಹತ್ತು ನಿಮಿಷ ಆದ ಮೇಲೆ ಎದ್ದು ಬರಬಹುದು

ಮೂರು ವರ್ಷದ ಹತ್ತಿರ ಆಯಿತು. ವಾರಕ್ಕೆ ನಾಲ್ಕು ದಿನ ವರ್ಕೌಟ್, ಕೆಲವು ವಾರ ಮೂರು. ಒಂದು ಸಲ ಜ್ವರ ಬಂದು ಮಲಗಿದ್ದು ಬಿಟ್ಟರೆ ಹತ್ತು ದಿನಕ್ಕಿಂತ ದೊಡ್ಡ ಗ್ಯಾಪ್ ಬಿದ್ದೇ ಇಲ್ಲ. ನಾನು ಹತ್ತು ನಿಮಿಷದ ಈ ಪದ್ಧತಿ ಶುರು ಮಾಡಿದಾಗ ಜಿಮ್ಮಿನಲ್ಲಿ ಜೊತೆಗೆ ಭಾರ ಎತ್ತುವವರು ಯಾರೂ ನಂಬಲಿಲ್ಲ. ಪರಿಚಯದ ಇಬ್ಬರು ಟ್ರೇನರ್‌ಗಳಂತೂ "ಇದು ಮೈಗಳ್ಳರಿಗೆ ನೆಪ ಹುಡುಕಿಕೊಟ್ಟ ಹಾಗೆ, ಎರಡು ತಿಂಗಳು ನಡೆದರೆ ಹೆಚ್ಚು" ಅಂದರು. ಈಗ ಅವರಲ್ಲೇ ಒಬ್ಬರು ತಮ್ಮ ಹೊಸ ಕ್ಲೈಂಟ್‌ಗಳಿಗೆ ಇದನ್ನೇ ಹೇಳಿಕೊಡುತ್ತಿದ್ದಾರೆ. ಹಾಗಾಗಿ ಬರೆದಿಡೋಣ ಅನ್ನಿಸಿತು.

ನಿಯಮ ಇಷ್ಟೇ. ಗೊತ್ತು ಮಾಡಿಕೊಂಡ ಹೊತ್ತಿಗೆ ಜಾಗಕ್ಕೆ ಹೋಗಬೇಕು, ಶೂ ಕಟ್ಟಬೇಕು, ಹತ್ತು ನಿಮಿಷ ಮಾಡಬೇಕು. ಹತ್ತು ನಿಮಿಷ ಆದ ಮೇಲೂ ಮನಸ್ಸು ಬೇಡ ಅಂದರೆ ಎದ್ದು ಬರಬಹುದು. ಆ ದಿನವನ್ನು ಡೈರಿಯಲ್ಲಿ ಪೂರ್ತಿ ದಿನ ಅಂತಲೇ ಬರೆದುಕೊಳ್ಳಬೇಕು. ಅರ್ಧ ದಿನ ಅಲ್ಲ, ಪೂರ್ತಿ. ಮಾರನೇ ದಿನ ಬಾಕಿ ತೀರಿಸುವ ಹಾಗಿಲ್ಲ.

ಎಲ್ಲರೂ ತಕರಾರು ತೆಗೆದದ್ದು ಈ ಪೂರ್ತಿ ದಿನದ ಲೆಕ್ಕಕ್ಕೆ. ಆದರೆ ಇಡೀ ಪದ್ಧತಿ ನಿಂತಿರುವುದೇ ಅದರ ಮೇಲೆ.

ಇದಕ್ಕೆ ಮೊದಲು ಐದಾರು ವರ್ಷ ನಾನು ಬೇರೆ ಬೇರೆ ದಾರಿ ಹಿಡಿದು ನೋಡಿದ್ದೇನೆ. ಎಲ್ಲದರಲ್ಲೂ ಆರಂಭ ಶೂರತ್ವ ಜೋರಾಗಿಯೇ ಇತ್ತು. ವಾರಕ್ಕೆ ಆರು ದಿನದ ಪ್ರೋಗ್ರಾಮ್, ಪ್ರತಿ ವಾರ ಭಾರ ಏರಿಸುವುದು, ಪ್ರತಿ ಸೆಟ್ಟನ್ನೂ (ನಡುವೆ ನಿಲ್ಲಿಸದೆ ಎತ್ತುವ ಒಂದು ಸರದಿ) ಫೇಲ್ಯೂರ್‌ವರೆಗೆ, ಅಂದರೆ ಇನ್ನೊಂದು ಸಲವೂ ಎತ್ತಲಾಗದವರೆಗೆ ಎಳೆಯುವುದು. ಮೊದಲ ಐದು ವಾರ ಅದ್ಭುತ. ಆರನೇ ವಾರ ಒಂದು ಲೆಗ್ ಡೇ (ಕಾಲಿನ ವ್ಯಾಯಾಮದ ದಿನ) ತಪ್ಪುತ್ತದೆ. ಅದನ್ನು ಸರಿದೂಗಿಸಲು ಮರುದಿನ ಡಬಲ್ ಮಾಡಬೇಕು. ಡಬಲ್ ಮಾಡಬೇಕಲ್ಲ ಅನ್ನುವ ಭಾರಕ್ಕೇ ಆ ದಿನವೂ ತಪ್ಪುತ್ತದೆ. ಮೂರನೇ ದಿನಕ್ಕೆ ಸಾಲ ಇನ್ನೂ ದೊಡ್ಡದಾಗಿರುತ್ತದೆ. ನಿಮಗೂ ಇದು ಗೊತ್ತಿರುವ ಕಥೆಯೇ ಅಲ್ವಾ?

ದುಡ್ಡಿನ ವಿಷಯಕ್ಕೆ ಬರೋಣ. ಮೂರು ಸಲ ಒಂದು ವರ್ಷದ ಫೀಸು ಒಟ್ಟಿಗೆ ಕಟ್ಟಿದೆ. ದುಡ್ಡು ಹೋದರೆ ಹೊಟ್ಟೆ ಉರಿಯುತ್ತದೆ, ಆ ಉರಿಗಾದರೂ ಹೋಗುತ್ತೇನೆ ಅನ್ನುವ ಲೆಕ್ಕಾಚಾರ. ಆಮೇಲೆ ಭಾಗಿಸಿ ನೋಡಿದರೆ ಒಂದೊಂದು ಭೇಟಿಗೆ ಬಿದ್ದ ಖರ್ಚು ದಿನದ ಪಾಸಿನ ಮೂರು, ನಾಲ್ಕು ಪಟ್ಟು. ಇದು ನನ್ನೊಬ್ಬನ ಹಣೆಬರಹ ಅಲ್ಲ. ಅಮೆರಿಕದ ಮೂರು ಹೆಲ್ತ್ ಕ್ಲಬ್‌ಗಳ ಸುಮಾರು 7,700 ಸದಸ್ಯರ ಹಾಜರಿಯನ್ನು ಡೆಲ್ಲಾವಿನ್ಯಾ ಮತ್ತು ಮಾಲ್ಮೆಂಡಿಯರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2006ರಲ್ಲಿ ಪ್ರಕಟಿಸಿದರು. ತಿಂಗಳ ಫೀಸು ಕಟ್ಟಿದವರು ಸರಾಸರಿ ತಿಂಗಳಿಗೆ ನಾಲ್ಕು ಚಿಲ್ಲರೆ ಸಲ ಹೋಗುತ್ತಿದ್ದರು. ಹೋದಾಗಲೆಲ್ಲ ಪಾಸ್ ಕೊಂಡಿದ್ದರೆ ಅವರಿಗೆ ಕಡಿಮೆಯಲ್ಲೇ ಮುಗಿಯುತ್ತಿತ್ತು. ಮೊದಲೇ ಕಟ್ಟಿದ ದುಡ್ಡಿಗೆ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವ ಶಕ್ತಿ ಇಲ್ಲ.

ಜೊತೆಗೆ ಒಂದು ಎಕ್ಸರ್‌ಸೈಜ್ ಬೈಕು ಕೊಂಡೆ, ವರ್ಷದೊಳಗೆ ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರಿದೆ. ಸತತ ದಿನ ಎಣಿಸುವ ವಾಚು ಬಂತು. ಅದು ಎಣಿಸುತ್ತಿರುವವರೆಗೆ ಚೆನ್ನ. ಒಂದು ದಿನ ತಪ್ಪಿ ಸೊನ್ನೆಗೆ ಬಿದ್ದ ಮೇಲೆ ಎರಡು ತಿಂಗಳು ಆ ವಾಚನ್ನು ಮುಟ್ಟಲು ಮನಸ್ಸಾಗಲಿಲ್ಲ.

ಗೆಳೆಯನ ಜೊತೆ ಬಾಜಿಯೂ ಕಟ್ಟಿದೆ. ತಪ್ಪಿದ ಪ್ರತಿ ದಿನಕ್ಕೆ ಇಷ್ಟು ಅಂತ ದಂಡ. ಒಂದೂವರೆ ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ದಂಡವೇ ರಜೆಯ ಶುಲ್ಕದಂತಾಯಿತು. ಕೊಟ್ಟುಬಿಟ್ಟರೆ ಮನಸ್ಸಿಗೆ ನಿರಾಳ! ಇಸ್ರೇಲಿನ ಹೈಫಾದಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಅಪ್ಪ ಅಮ್ಮಂದಿರಿಗೆ ಶಿಶುವಿಹಾರಗಳು ದಂಡ ಹಾಕಿ ನೋಡಿದಾಗ ತಡವಾಗಿ ಬರುವವರು ಇನ್ನೂ ಜಾಸ್ತಿಯಾದರು. 2000ದಲ್ಲಿ ಪ್ರಕಟವಾದ ಪ್ರಯೋಗ ಅದು. ನಮ್ಮ ಬಾಜಿಯಲ್ಲೂ ಆದದ್ದು ಅದೇ.

ಇಷ್ಟೆಲ್ಲ ಆದ ಮೇಲೆ ಒಂದು ಕೆಲಸ ಮಾಡಿದೆ. ಬೇಡ ಅನ್ನುವ ಭಾವ ನಿಜವಾಗಿ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಅಂತ ಡೈರಿಯಲ್ಲಿ ಅಂಕ ಹಾಕತೊಡಗಿದೆ. ಒಂದರಿಂದ ಹತ್ತು. ಹೊರಡುವ ಅರ್ಧ ಗಂಟೆ ಮೊದಲು ಏಳೋ ಎಂಟೋ ಇರುತ್ತಿತ್ತು. ಶೂ ಕಟ್ಟುವಾಗ ಆರು. ವಾರ್ಮ್-ಅಪ್ ಮುಗಿಯುವ ಹೊತ್ತಿಗೆ ಮೂರು ಅಥವಾ ಎರಡು. ಏಳೆಂಟು ವಾರ ಹೀಗೆ ಬರೆದೆ, ಚಿತ್ರ ಬದಲಾಗಲೇ ಇಲ್ಲ. ಅಂದರೆ ನಾನು ಒಂದು ಗಂಟೆಯ ವರ್ಕೌಟ್ ಜೊತೆ ಜಗಳ ಆಡುತ್ತಿರಲಿಲ್ಲ. ಜಗಳ ಇದ್ದದ್ದು ಹೊರಡುವ ಮುಂಚಿನ ಸ್ವಲ್ಪ ಹೊತ್ತು ಮತ್ತು ಮೊದಲ ಹತ್ತು ನಿಮಿಷದ ಜೊತೆ ಮಾತ್ರ.

ಅಷ್ಟಕ್ಕೆ ಮಾತ್ರ ಮದ್ದು ಹುಡುಕಿದರೆ ಸಾಕಲ್ಲ!

ಬರೀ ಹತ್ತು ನಿಮಿಷ ಅಂತ ಹೇಳಿ ಮನಸ್ಸನ್ನು ಪುಸಲಾಯಿಸುವುದು ಹೊಸದೇನಲ್ಲ, ನೀವೂ ಮಾಡಿರುತ್ತೀರಿ. ಅದು ಎರಡು ಮೂರು ವಾರದಲ್ಲಿ ಕೈಕೊಡುತ್ತದೆ. ಯಾಕೆಂದರೆ ಹತ್ತು ನಿಮಿಷ ಆದ ಮೇಲೆ "ಬಂದದ್ದಾಯಿತಲ್ಲ, ಮುಗಿಸಿಯೇ ಹೋಗು" ಅಂತ ನಾವೇ ಮಾತು ತಪ್ಪುತ್ತೇವೆ. ಮನಸ್ಸು ಅದನ್ನು ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಸಲ ನಂಬುವುದಿಲ್ಲ. ಅದಕ್ಕೇ ಎದ್ದು ಬರುವ ಅನುಮತಿ ನಿಜವಾಗಿರಬೇಕು. ಮೊದಲ ಎರಡು ತಿಂಗಳಲ್ಲಿ ನಾಲ್ಕು ಸಲಕ್ಕೆ ಒಂದು ಸಲ ನಾನು ನಿಜವಾಗಿಯೂ ಎದ್ದು ಬಂದೆ. ಟ್ರೇನರ್ ನೋಡಿ ತಲೆ ಆಡಿಸುತ್ತಿದ್ದರು. ಈಗ ನೂರಕ್ಕೆ ಎಂಟೋ ಹತ್ತೋ ಸಲ ಇರಬಹುದು. ಅವನ್ನೂ ನಿಲ್ಲಿಸುವುದಿಲ್ಲ. ಆಗಾಗ ಎದ್ದು ಬರದಿದ್ದರೆ ಅನುಮತಿಗೆ ಬೆಲೆ ಇರುವುದಿಲ್ಲ.

ಆ ಹತ್ತು ನಿಮಿಷದಲ್ಲಿ ಏನು ಮಾಡಬೇಕು ಅನ್ನುವುದನ್ನು ಅಲ್ಲಿ ನಿಂತು ಯೋಚಿಸಬಾರದು. ನನ್ನದು ಯಾವಾಗಲೂ ಒಂದೇ ಸಾಲು: ಎರಡು ನಿಮಿಷ ಹಗ್ಗ ಜಿಗಿಯುವುದು, ಕೀಲುಗಳನ್ನು ಸಡಿಲಿಸುವುದು, ಭಾರ ಹಾಕದ ಖಾಲಿ ಬಾರ್ ಹಿಡಿದು ಸ್ಕ್ವಾಟ್ (ಕುಳಿತು ಏಳುವುದು), ಆಮೇಲೆ ಆ ದಿನದ ಮುಖ್ಯ ಲಿಫ್ಟಿನ ಒಂದು ಸೆಟ್, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಭಾರದಲ್ಲಿ. ಎದ್ದು ಬಂದರೂ ಒಂದು ಸೆಟ್ ದೇಹಕ್ಕೆ ಸಿಕ್ಕಿರುತ್ತದೆ. ಅದು ಕಡಿಮೆಯೇನಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಕಲ್ ಅನ್ನುವ ಸಂಶೋಧಕ ಮತ್ತು ಸಂಗಡಿಗರು ನಾಲ್ಕು ತಿಂಗಳು ತರಬೇತಿ ಪಡೆದವರಲ್ಲಿ ಕೆಲವರ ವ್ಯಾಯಾಮವನ್ನು ಒಂಬತ್ತರಲ್ಲಿ ಒಂದು ಭಾಗಕ್ಕೆ ಇಳಿಸಿ ಇನ್ನೂ 32 ವಾರ ನೋಡಿದರು. ಕಿರಿಯರು ಗಳಿಸಿದ ಸ್ನಾಯು ಉಳಿಸಿಕೊಂಡರು. ಅರವತ್ತು ದಾಟಿದವರಲ್ಲಿ ಶಕ್ತಿ ಬಹುಪಾಲು ಉಳಿಯಿತು, ಸ್ನಾಯುವಿನ ಗಾತ್ರ ಉಳಿಯಲಿಲ್ಲ. ನಾನು ಈ ಅಂಕಿ ತೋರಿಸಿದ ಮೇಲೆಯೇ ಆ ಟ್ರೇನರ್ ಸ್ವಲ್ಪ ಮೆತ್ತಗಾದದ್ದು.

ಏಳನೇ, ಎಂಟನೇ ನಿಮಿಷದಲ್ಲಿ ನನಗೆ ನಾನೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮುಂದುವರಿಯಬೇಕೋ ಬೇಡವೋ ಅನ್ನುವುದು ಅಲ್ಲೇ ತೀರ್ಮಾನ ಆಗುತ್ತದೆ. ಆ ಪ್ರಶ್ನೆಯನ್ನು ಜೊತೆಯಲ್ಲಿ ಮಾಡುವ ಒಬ್ಬಿಬ್ಬರಿಗೆ ಬಿಟ್ಟು ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಪ್ರಯಾಣದ ವಾರಗಳನ್ನು ಹೇಗೆ ನಿಭಾಯಿಸುತ್ತೇನೆ ಅನ್ನುವುದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇನ್ನೊಂದು ಬದಲಾವಣೆ ಮಾಡಿದ್ದು ತೀವ್ರತೆಯಲ್ಲಿ. ಫೇಲ್ಯೂರ್ ಬಿಟ್ಟೆ. ಮೊದಲ ಮೂರು ತಿಂಗಳು ಪ್ರತಿ ಸೆಟ್ಟಿನಲ್ಲೂ ಇನ್ನೂ ಮೂರು ರೆಪ್ಸ್ (ಮೂರು ಸಲ ಎತ್ತುವುದು) ಆಗುತ್ತಿತ್ತು ಅನ್ನುವಾಗಲೇ ನಿಲ್ಲಿಸಿದೆ. ಈಗ ಎರಡು. ಹೀಗೆ ಮಾಡಿದರೆ ಬೆಳವಣಿಗೆ ಎಲ್ಲಿಂದ ಬರುತ್ತದೆ ಅಂತ ಕೇಳಿದವರು ತುಂಬಾ ಜನ. ಬಂತು. ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು) ನನ್ನ ತೂಕದ ಎರಡು ಪಟ್ಟು ದಾಟಿದೆ. ಪುಲ್-ಅಪ್ ಮೂರಕ್ಕೆ ನಿಂತಿದ್ದದ್ದು ಹನ್ನೆರಡರ ಹತ್ತಿರ ಬಂದಿದೆ. ವಿಶ್ರಾಂತಿಯಲ್ಲಿ ನಾಡಿ ಎಪ್ಪತ್ತೈದರ ಸುತ್ತ ಇದ್ದದ್ದು ಅರವತ್ತರ ಸುತ್ತ ಇದೆ. ಆರು ದಿನದ ಪ್ರೋಗ್ರಾಮುಗಳು ಐದು ವರ್ಷದಲ್ಲಿ ಕೊಡದ್ದನ್ನು ಇದು ಕೊಟ್ಟಿದೆ. ಮುಗಿಸಿ ಬರುವಾಗ ಇನ್ನೂ ಸ್ವಲ್ಪ ಮಾಡಬಹುದಿತ್ತು ಅನ್ನಿಸಿದ ದಿನಗಳ ನಂತರ ಮರುದಿನದ ಬೇಡ ಅನ್ನುವ ಅಂಕ ಐದಕ್ಕೆ ಇಳಿದಿರುತ್ತದೆ. ಹಿಂಡಿ ಹಾಕಿದ ದಿನಗಳ ನಂತರ ಎಂಟಕ್ಕೆ ಏರಿರುತ್ತದೆ. ಡೈರಿ ತಿರುವಿ ಹಾಕಿದಾಗಲೆಲ್ಲ ಕಾಣುವುದು ಇದೇ.

21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅನ್ನುವ ಮಾತನ್ನು ಕೈಬಿಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕು ಅಂತ ಆತ 1960ರಲ್ಲಿ ಬರೆದಿದ್ದ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಅನ್ನುವ ಸಂಶೋಧಕಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ ಲೆಕ್ಕ ಹಾಕಿದಾಗ ಬಂದ ಅಂತರ 18 ದಿನದಿಂದ 254 ದಿನ, ನಡುವಿನ ಅಂಕಿ 66. ಮಧ್ಯೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲ ಅನ್ನುವುದೂ ಅದರಲ್ಲೇ ಸಿಕ್ಕಿತು. ನನಗೆ ಹೊರಡುವ ಮುಂಚಿನ ಚರ್ಚೆ ಪೂರ್ತಿ ನಿಲ್ಲಲು ನಾಲ್ಕು ತಿಂಗಳು ಹಿಡಿಯಿತು. ಮೂರನೇ ವಾರಕ್ಕೆ ಕಷ್ಟ ಅನ್ನಿಸಿದರೆ ನಿಮ್ಮಲ್ಲಿ ಏನೂ ದೋಷ ಇಲ್ಲ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಒಂದು ಆಡಿಯೋ ಧಾರಾವಾಹಿಯನ್ನು ಜಿಮ್ಮಿನಲ್ಲಿ ಮಾತ್ರ ಕೇಳುವುದು ಅಂತ ಇಟ್ಟುಕೊಂಡೆ. ಎರಡು ತಿಂಗಳು ಓಡೋಡಿ ಹೋದೆ. ಕಥೆ ಮುಗಿಯಿತು, ಉತ್ಸಾಹವೂ ಮುಗಿಯಿತು. ಕ್ಯಾಥರೀನ್ ಮಿಲ್ಕ್‌ಮನ್ ಅನ್ನುವ ಸಂಶೋಧಕಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಇಂಥದೇ ಪ್ರಯೋಗದಲ್ಲಿ ಹಾಜರಿ ಮೊದಲಿಗೆ ಶೇ. 51 ಏರಿ, ಆಮೇಲೆ ರಜೆ ಬಂದದ್ದೇ ಕುಸಿದಿತ್ತು. ಒಳ್ಳೆಯ ಉಪಾಯ, ಆದರೆ ಹೊಸ ಕಥೆ ಹುಡುಕುತ್ತಲೇ ಇರಬೇಕು.

ಸಂಜೆಗೆ ಬದಲಾಯಿಸಿಯೂ ನೋಡಿದೆ. ಸಂಜೆ ಭಾರ ಜಾಸ್ತಿ ಏಳುತ್ತದೆ, ಅದು ನಿಜ. ಆದರೆ ದಿನ ಪೂರ್ತಿ ನೆಪಗಳು ಸೇರಿಕೊಂಡಿರುತ್ತವೆ, ತಪ್ಪುವುದೂ ಜಾಸ್ತಿ. ಬೆಳಿಗ್ಗೆಗೇ ವಾಪಸ್ ಬಂದೆ. ಫೋನನ್ನು ಬ್ಯಾಗಿನ ತಳಕ್ಕೆ ಹಾಕಿ ಹೊರಟ ದಿನಗಳಲ್ಲಿ ಬೇಡ ಅನ್ನುವ ಅಂಕ ಒಂದೂವರೆಯಷ್ಟು ಇಳಿಯಿತು. ಬಿಡಿಗಾಸಿನ ಖರ್ಚೂ ಇಲ್ಲದ ಉಪಾಯ ಇದು, ಮೊದಲು ಇದನ್ನು ಮಾಡಿ ನೋಡಿ.

ಈಗಿನ ಖರ್ಚು ಹಿಂದಿನದರ ಮೂರನೇ ಒಂದು ಭಾಗವೂ ಇಲ್ಲ. ಫೀಸು ತಿಂಗಳು ತಿಂಗಳಿಗೆ ಕಟ್ಟುತ್ತೇನೆ. ವರ್ಷದ್ದಕ್ಕೆ ರಿಯಾಯಿತಿ ಅಂದರೂ ಬೇಡ ಅನ್ನುತ್ತೇನೆ. ಪ್ರತಿ ತಿಂಗಳು ಕೈಯಿಂದ ದುಡ್ಡು ಕೊಡುವಾಗ ಆ ತಿಂಗಳ ಹಾಜರಿ ನೆನಪಾಗುತ್ತದೆ, ಅದು ಒಳ್ಳೆಯದು. ಚಪ್ಪಟೆ ತಳದ ಶೂ, ಬೆಲ್ಟು, ಹಗ್ಗ, ಡೈರಿ, ಇಷ್ಟೇ ಸಾಮಾನು. ಒಂದು ಕಡೆ ಮಾತ್ರ ಧಾರಾಳವಾಗಿ ಖರ್ಚು ಮಾಡಿದೆ. ಎರಡು ಬ್ಯಾಗು, ಎರಡು ಜೊತೆ ಎಲ್ಲವೂ. ಒಂದು ಒಗೆಯಲು ಹೋದಾಗ ಇನ್ನೊಂದು ಬಾಗಿಲ ಹತ್ತಿರ ತಯಾರಾಗಿರುತ್ತದೆ. ಬಟ್ಟೆ ಹುಡುಕುವ ಐದು ನಿಮಿಷದಲ್ಲೇ ಎಷ್ಟೋ ದಿನಗಳು ಕೈಜಾರಿವೆ.

ಈಗ ಇದನ್ನೇ ಈಜಿಗೆ ಹೊಂದಿಸುವ ಪ್ರಯತ್ನದಲ್ಲಿದ್ದೇನೆ. ತೊಡಕು ಏನೆಂದರೆ ಅಲ್ಲಿ ಬೇಡ ಅನ್ನುವ ಭಾವ ಇರುವುದು ತಣ್ಣನೆ ನೀರಿಗೆ ಇಳಿಯುವ ಆ ಒಂದು ಕ್ಷಣದಲ್ಲಿ, ಮೊದಲ ಹತ್ತು ನಿಮಿಷದಲ್ಲಿ ಅಲ್ಲ. ಸದ್ಯಕ್ಕೆ ನಾಲ್ಕು ಲ್ಯಾಪ್ ಆದ ಮೇಲೆ ಎದ್ದು ಬರಬಹುದು ಅಂತ ಇಟ್ಟುಕೊಂಡಿದ್ದೇನೆ. ಮೂರು ವಾರದಿಂದ ನಡೆಯುತ್ತಿದೆ. ಒಂದೆರಡು ಸಲ ನಾಲ್ಕಕ್ಕೇ ಮುಗಿಸಿ ಬಂದು ಡೈರಿಯಲ್ಲಿ ಪೂರ್ತಿ ದಿನ ಅಂತ ಬರೆದಿದ್ದೇನೆ.