ಮಿಲ್ಲು ಹಾಕೋಕೆ ಶಾರ್ಜಾಕ್ಕೆ ಹೋಗಬೇಕಿತ್ತಾ?

ದುಬೈ ಪಕ್ಕದ ಶಾರ್ಜಾದಿಂದ ರಜೆಗೆ ಊರಿಗೆ ಬಂದು ಹತ್ತು ದಿನ ಆಯಿತು. ನಾಗಮಂಗಲದ ಹತ್ತಿರದ ನಮ್ಮ ಹಳ್ಳಿಯಲ್ಲಿ, ಆಮೇಲೆ ಮಂಡ್ಯದಲ್ಲಿ ಒಂದು ಮದುವೆಯಲ್ಲಿ, ಇಲ್ಲಿಯವರೆಗೆ ಮೂವರು ಇದನ್ನೇ ಕೇಳಿದ್ದಾರೆ. ‘ಅಣ್ಣ, ನಾನೂ ಅಲ್ಲೇ ಇದ್ದೀನಿ, ಸಂಬಳ ಸಾಲ್ತಿಲ್ಲ, ಏನಾದ್ರೂ ಸಣ್ಣ ಬಿಸ್ನೆಸ್ ಮಾಡೋಣ ಅಂತ. ಯಾವ್ದು ಮಾಡ್ಲಿ?’ ಎಲ್ಲರಿಗೂ ಬೇರೆ ಬೇರೆ ಹೇಳಿ ಸಾಕಾಯಿತು. ಅದಕ್ಕೆ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ವೀಸಾ, ಲೈಸೆನ್ಸು, ಟೈಪಿಂಗ್ ಸೆಂಟರ್ ಇವೆಲ್ಲ ಅಲ್ಲಿರುವವರಿಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ನಾನು 2009ರಲ್ಲಿ ಹೋದವನು. ಎ.ಸಿ. ಡಕ್ಟ್ ಕೆಲಸ, ಅಂದರೆ ತಣ್ಣನೆ ಗಾಳಿ ಹರಿಯುವ ತಗಡಿನ ಕೊಳವೆ ಮಾಡಿ ಕೂರಿಸೋದು, ಮೊದಲು ಹೆಲ್ಪರ್‌ಗಿಂತ ಒಂದು ಮೆಟ್ಟಿಲು ಮೇಲೆ, ಈಗ ಸೂಪರ್‌ವೈಸರ್. ಈಗ ಶಾರ್ಜಾದಲ್ಲಿ ನನ್ನ ಹೆಂಡತಿ ಹೆಸರಿನಲ್ಲಿ ಒಂದು ಹಿಟ್ಟಿನ ಮಿಲ್ಲು ಇದೆ. ರಾಗಿ ಬೀಸುತ್ತೇವೆ, ಸಾರಿನ ಪುಡಿ ಹುಳಿಪುಡಿ ಮಾಡುತ್ತೇವೆ. ಅದು ನಡೆಯುತ್ತಿದೆ. ನಡೆಯಲ್ಲ ಅಂದವರ ಪಟ್ಟಿ ದೊಡ್ಡದು, ಮೊದಲ ಹೆಸರು ನಮ್ಮಪ್ಪನದು. ‘ಏನ್ಲಾ, ಮಿಲ್ ಆಕಕ್ಕೆ ಅಷ್ಟ್ ದೂರ ಹೋಗ್ಬೇಕಾಗಿತ್ತಾ? ಊರ್ ಬಾಗ್ಲಲ್ಲೇ ಆಕಿದ್ರೆ ಆಗ್ತಿರ್ಲಿಲ್ವಾ?’

ಮಿಲ್ಲಿಗೆ ಮುಂಚೆ ಮೂರು ಸಲ ಬಿದ್ದಿದ್ದೇನೆ. ಅದನ್ನು ಮೊದಲು ಹೇಳಬೇಕು, ಯಾಕೆಂದರೆ ದುಡ್ಡು ಹೋಗಿದ್ದು ಅಲ್ಲಿ.

ಮೊದಲನೆಯದು ಬೆಲ್ಲ. ಮಂಡ್ಯದವನು ಬೇರೇನು ಯೋಚನೆ ಮಾಡುತ್ತಾನೆ? 2014ರಲ್ಲಿ ಕೆ.ಎಂ. ದೊಡ್ಡಿ ಕಡೆಯ ಒಂದು ಆಲೆಮನೆಯಿಂದ ಮೂರು ಟನ್ ಅಚ್ಚು ಬೆಲ್ಲ. ಬಣ್ಣ ಬಿಳಿಚಿಸುವ ಹೈಡ್ರೋಸ್ ಪುಡಿ ಹಾಕದ ಕಪ್ಪು ಬೆಲ್ಲವೇ ಬೇಕು ಅಂತ ಮುಂದೆ ನಿಂತು ಮಾಡಿಸಿದೆ. ಬಲು ಹೆಮ್ಮೆ. ಲೇಬಲ್ಲಿನ ಅರೇಬಿಕ್‌ನಲ್ಲಿ ತಾರೀಖು ತಪ್ಪಾಗಿತ್ತು, ಸರಕು ಬಂದರಲ್ಲೇ ಮೂರು ವಾರ ಕೂತಿತು. ಅದು ಆಗಸ್ಟ್. ಗಲ್ಫಿನ ಆಗಸ್ಟ್ ಅಂದರೆ ಗೊತ್ತಲ್ಲ, ಕನ್ನಡಕ ಹಾಕಿ ಹೊರಗೆ ಬಂದರೆ ಗಾಜೇ ಬೆವರುತ್ತದೆ. ಬೆಲ್ಲವೂ ಬೆವರಿತು. ಪೆಟ್ಟಿಗೆ ತೆಗೆದಾಗ ಅಚ್ಚುಗಳು ಒಂದಕ್ಕೊಂದು ಅಂಟಿ, ಕೆಳಗಿನ ಸಾಲು ಜೋನಿ ಬೆಲ್ಲದ ಹಾಗೆ ಹರಿದಿತ್ತು. ಎರಡು ಲಕ್ಷ ರೂಪಾಯಿಗಿಂತ ಸ್ವಲ್ಪ ಜಾಸ್ತಿಯೇ ಹೋಯಿತು.

ಎರಡನೆಯದು ಬರೀ ದಡ್ಡತನ. ಫ್ರೀಝೋನ್ (ಹೊರಗಿನವರ ಕಂಪನಿಗಳಿಗೆ ಬೇರೆ ನಿಯಮ ಇರುವ ವಲಯ) ಲೈಸೆನ್ಸು ಅಗ್ಗ, ನೂರಕ್ಕೆ ನೂರು ನಿಮ್ಮದೇ, ಲೋಕಲ್ ಪಾರ್ಟ್‌ನರ್ ಬೇಡ ಅಂತ ಒಬ್ಬ ಏಜೆಂಟ್ ಹೇಳಿದ. ಹೇಳಿದ್ದು ಸುಳ್ಳಲ್ಲ. ಆದರೆ ಆ ಲೈಸೆನ್ಸಿನಲ್ಲಿ ಊರೊಳಗೆ ಅಂಗಡಿ ತೆರೆಯುವ ಹಾಗಿಲ್ಲ ಅನ್ನುವುದನ್ನು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಹನ್ನೆರಡು ಸಾವಿರ ದಿರ್ಹಮ್ ಕೊಟ್ಟು ಒಂದು ಕಾಗದ ತಂದು ಫ್ರೇಮ್ ಹಾಕಿಸಿದ ಹಾಗಾಯಿತು.

ಮೂರನೆಯದು ಕೆಫೆಟೀರಿಯಾದಲ್ಲಿ ಪಾಲು. 2018, ವ್ಯಾಟ್ ಶುರುವಾದ ವರ್ಷ. ಸ್ನೇಹಿತರ ಸ್ನೇಹಿತ ಒಬ್ಬರು, ಬಾಯಿಮಾತಿನ ಲೆಕ್ಕ, ಮೂವತ್ತೈದು ಸಾವಿರ ಕೊಟ್ಟೆ. ಎಂಟು ತಿಂಗಳು ಚಹಾ ಕುಡಿದೆ ಅಷ್ಟೇ. ಇದರ ಬಗ್ಗೆ ಜಾಸ್ತಿ ಬರೆಯಲ್ಲ, ಹೆಂಡತಿಯೂ ಇದನ್ನು ಓದುತ್ತಾಳೆ.

ಮೂರರಲ್ಲೂ ನಾನು ಮಾಡಿದ ತಪ್ಪು ಒಂದೇ. ‘ನನ್ನ ಹತ್ತಿರ ಏನಿದೆ’ ಅಂತ ನೋಡಿದೆ, ಕೊಳ್ಳುವವನ ಅಡುಗೆಮನೆಯಲ್ಲಿ ಏನು ಖಾಲಿಯಾಗಿದೆ ಅಂತ ನೋಡಲಿಲ್ಲ. ಇದು ಹೊಳೆದಿದ್ದು ವಿಮಾನ ನಿಲ್ದಾಣದಲ್ಲಿ. ಊರಿಂದ ಬರುತ್ತಿದ್ದ ಗೆಳೆಯನನ್ನು ಕರೆತರಲು ಹೋಗಿದ್ದೆ. ಅವನ ಮೂವತ್ತು ಕೇಜಿ ಲಗೇಜಿನಲ್ಲಿ ಹನ್ನೆರಡು ಕೇಜಿ ರಾಗಿ ಹಿಟ್ಟು. ಅಂಗಡಿಯಲ್ಲಿ ಸಿಗುತ್ತಲ್ಲೋ ಅಂದೆ. ‘ಸಿಗುತ್ತೆ, ಮುದ್ದೆ ಆಗಲ್ಲ’ ಅಂದ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಹದಿನಾಲ್ಕು ತಿಂಗಳು, ಸುಮಾರು ಅರವತ್ತು ಜನ. ಊರಿಂದ ಯಾರು ಬಂದರೂ, ರಾಜ್ಯೋತ್ಸವದಲ್ಲಿ ಯಾರು ಸಿಕ್ಕರೂ, ನಾಲ್ಕು ಪ್ರಶ್ನೆ. ಸೂಟ್‌ಕೇಸಿನಲ್ಲಿ ಏನು ತಂದ್ರಿ? ಎಷ್ಟು ಕೇಜಿ? ಮನೆಗೋ, ಬೇರೆಯವರಿಗೆ ಕೊಡೋಕೋ? ಮುಗಿದ ಮೇಲೆ ಏನು ಮಾಡ್ತೀರಿ? ಮೂರನೆಯ ಪ್ರಶ್ನೆ ಮುಖ್ಯ. ಮೈಸೂರು ಪಾಕ್ ಹೆಚ್ಚುಕಡಿಮೆ ಎಲ್ಲರೂ ತರುತ್ತಾರೆ, ಎಲ್ಲರೂ ಹಂಚುತ್ತಾರೆ, ಅಲ್ಲೇ ಸಿಕ್ಕರೂ ದುಡ್ಡು ಕೊಟ್ಟು ಮನೆಗೆ ಕೊಳ್ಳುವವರು ಕಡಿಮೆ. ಮದ್ದೂರು ವಡೆ ಎರಡನೇ ದಿನಕ್ಕೆ ಮುಗಿದಿರುತ್ತದೆ, ಅದು ಆಸೆ, ಅಗತ್ಯ ಅಲ್ಲ. ಚಕ್ಕುಲಿ ಕೋಡುಬಳೆ ಗೌರಿ-ಗಣೇಶನ ಹೊತ್ತಿಗೆ ಮಾತ್ರ. ರಾಗಿ ಹಿಟ್ಟು ಅರವತ್ತರಲ್ಲಿ ನಲವತ್ತೈದು ಜನರ ಹತ್ತಿರ, ಎಲ್ಲ ಮನೆಗೇ. ಎರಡನೆಯದು ಸಾರಿನ ಪುಡಿ, ಹುಳಿಪುಡಿ. ನಾಲ್ಕನೆಯ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ, ‘ಎರಡು ತಿಂಗಳಿಗೆ ಮುಗಿಯುತ್ತೆ, ಆಮೇಲೆ ಅನ್ನ.’

ನೋಟ್‌ಬುಕ್ ನೋಡಿ ನಮ್ಮ ಭಾವ ನಕ್ಕಿದ್ದರು. ‘ರಾಗಿ ಹಿಟ್ಟು ತಂದು ಮಾರೋದಕ್ಕೆ ಇಷ್ಟೆಲ್ಲಾನಾ?’ ಅಂದರು. ಅವರಿಗೆ ಗೊತ್ತಿರಲಿಲ್ಲ, ನಾನು ಹಿಟ್ಟು ತರುವ ಯೋಚನೆಯಲ್ಲೇ ಇರಲಿಲ್ಲ. ಹಿಟ್ಟು ಮುಗ್ಗುತ್ತದೆ, ಹುಳ ಬೀಳುತ್ತದೆ. ಕಾಳು ಹಾಗಲ್ಲ. ನಮ್ಮ ತಾತನ ಕಾಲದಲ್ಲಿ ಹಗೇವಿಗೆ ಸುರಿದು ಮಣ್ಣು ಮುಚ್ಚಿದ ರಾಗಿಯನ್ನು ವರ್ಷಗಟ್ಟಲೆ ಬಿಟ್ಟು ತೆಗೆಯುತ್ತಿದ್ದರು, ಅಲ್ವಾ? ಕೆಡದ ಕಾಳನ್ನು ತರುವುದು, ಕೆಡುವ ಹಿಟ್ಟನ್ನು ಅವರ ಕಣ್ಣೆದುರೇ ಬೀಸಿ ಕೊಡುವುದು. ಬೆಲ್ಲ ಕಲಿಸಿದ ಪಾಠ ಇದು, ಎರಡು ಲಕ್ಷದ ಪಾಠ.

2021ರ ಜೂನ್‌ನಲ್ಲಿ ಅಲ್ಲಿನ ಕಂಪನಿ ಕಾನೂನಿನ ಬದಲಾವಣೆ ಜಾರಿಗೆ ಬಂತು. ಊರೊಳಗಿನ ಬಹುಪಾಲು ವ್ಯಾಪಾರಕ್ಕೆ 51 ಪರ್ಸೆಂಟ್ ಲೋಕಲ್ ಪಾಲು ಕಡ್ಡಾಯ ಅನ್ನುವುದು ಹೋಯಿತು. ನಾವು ಬಾಗಿಲು ತೆರೆದಿದ್ದು 2022ರ ಕೊನೆಯಲ್ಲಿ. ಅಂಗಡಿ ಬಾಡಿಗೆ ವರ್ಷಕ್ಕೆ 32 ಸಾವಿರ ದಿರ್ಹಮ್, ನಾಲ್ಕು ಚೆಕ್ಕಿನಲ್ಲಿ ಕಟ್ಟೋದು. ಲೈಸೆನ್ಸು, ಒಬ್ಬ ಹುಡುಗನ ವೀಸಾ, ಮೂರು ಫೇಸ್ ಕರೆಂಟು, ರಾಜಕೋಟದ ಎರಡು ಕಲ್ಲಿನ ಗಿರಣಿ, ಮೊದಲ ಲೋಡು ರಾಗಿ, ಎಲ್ಲ ಸೇರಿ ಒಂದು ಲಕ್ಷ ಮೂವತ್ತೈದು ಸಾವಿರದ ಹತ್ತಿರ. ಆಗಿನ ರೇಟಿಗೆ ಸುಮಾರು 30 ಲಕ್ಷ ರೂಪಾಯಿ. ಅರ್ಧ ಉಳಿತಾಯ, ಕಾಲು ಭಾಗ ಹೆಂಡತಿಯ ಒಡವೆ, ಮಿಕ್ಕಿದ್ದು ಸಾಲ.

ಗಿರಣಿ ಎರಡು ಇದ್ದರೂ ಶುರುವಿನಲ್ಲಿ ಒಂದಕ್ಕೆ ಮಾತ್ರ ಕರೆಂಟಿನ ಲೋಡು ಸಿಕ್ಕಿತ್ತು. ಎರಡನೇ ವಾರ. ಹುಡುಗ ಬ್ಯಾಡಗಿ ಮೆಣಸಿನಕಾಯಿ ಬೀಸಿ, ಕಲ್ಲು ಒರೆಸಿ, ಒಂದು ಸೇರು ಅಕ್ಕಿ ಹಾಕಿ ತಿರುಗಿಸಿ, ಕ್ಲೀನ್ ಆಯಿತು ಅಂತ ರಾಗಿ ಹಾಕಿದ. ಆ ಹಿಟ್ಟು ಒಂಬತ್ತು ತಿಂಗಳ ಮಗುವಿನ ರಾಗಿ ಸರಿಗೆ ಹೋಯಿತು. ಆ ತಾಯಿ ಫೋನು ಮಾಡಿದಾಗ ಹಿಂದೆ ಮಗು ಅಳುವುದು ಕೇಳಿಸುತ್ತಿತ್ತು. ನಾನೇ ಹೋಗಿ ಕ್ಷಮೆ ಕೇಳಿ ಬಂದೆ. ಎರಡನೇ ಲೈನು ಬರುವ ತನಕ ಮೆಣಸಿನಕಾಯಿ ಮುಟ್ಟಲಿಲ್ಲ, ಸುಮಾರು ಏಳು ವಾರ ಪುಡಿ ವ್ಯಾಪಾರವೇ ಇಲ್ಲ. ಈಗ ಕೆಂಪು ಬಣ್ಣ ಹೊಡೆದ ಗಿರಣಿ ಖಾರಕ್ಕೆ, ಬಿಳಿಯದು ಹಿಟ್ಟಿಗೆ. ಮೊರ, ಜರಡಿ, ಬ್ರಷ್ ಎಲ್ಲ ಬೇರೆ.

ಇನ್ನೊಂದು, ಧೂಳು. ಇಲ್ಲಿ ಮಂಡ್ಯದ ಮಿಲ್ಲಿನಲ್ಲಿ ಗೋಡೆ, ಫ್ಯಾನು, ಮಿಲ್ಲಿನವನ ಹುಬ್ಬು ಎಲ್ಲ ಬೆಳ್ಳಗಿದ್ದರೂ ಯಾರೂ ಕೇಳಲ್ಲ. ಅಲ್ಲಿ ತಪಾಸಣೆಗೆ ಬಂದವರು ಮೊದಲು ಬೆರಳಲ್ಲಿ ಕಪಾಟಿನ ಮೇಲೆ ಗೀಟು ಎಳೆದು ನೋಡುತ್ತಾರೆ. ಈ ಒಂದು ಕಡೆ ನನ್ನ ಡಕ್ಟ್ ಕೆಲಸ ಕೈ ಹಿಡಿಯಿತು. ಹಳೆಯ ಸೈಟಿನ ಜಿ.ಐ. ಶೀಟಿನಲ್ಲಿ ನಾನೇ ಹುಡ್ ಬಗ್ಗಿಸಿ, ಗಿರಣಿ ಬಾಯಿಂದಲೇ ಗಾಳಿ ಎಳೆಯುವ ಹಾಗೆ ಮಾಡಿದೆ. ಹೊರಗೆ ಮಾಡಿಸಿದ್ದರೆ ಎಂಟು ಸಾವಿರ ಕೇಳುತ್ತಿದ್ದರು, ನನಗೆ ಎಂಟುನೂರು ಬಿತ್ತು. ಅದೇ ಗಾಳಿಗೆ ಹಿಟ್ಟು ಕಾಯುವುದೂ ತಪ್ಪಿತು. ಹಿಟ್ಟು ಕಾದರೆ ಮುದ್ದೆಗೆ ಜಿಗಿ ಬರಲ್ಲ, ಬಿರುಕು ಬಿಡುತ್ತದೆ. ಕಲ್ಲಿನ ನಡುವೆ ಎಷ್ಟು ಜಾಗ ಬಿಡಬೇಕು, ಬೀಸುವ ಹಿಂದಿನ ರಾತ್ರಿ ರಾಗಿಗೆ ಏನು ಮಾಡುತ್ತೇವೆ ಅನ್ನುವ ಎರಡು ವಿಷಯ ಇಲ್ಲಿ ಹೇಳಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಹೊಟ್ಟೆಪಾಡು.

ದೊಡ್ಡ ಏಟು 2023ರದ್ದು. ವಿಶ್ವಸಂಸ್ಥೆ ಅದನ್ನು ಸಿರಿಧಾನ್ಯ ವರ್ಷ ಅಂತ ಘೋಷಿಸಿತ್ತು. ಎಲ್ಲ ಸೂಪರ್ ಮಾರ್ಕೆಟ್ಟಲ್ಲೂ ರಾಗಿ ಬಿಸ್ಕತ್ತು, ರಾಗಿ ನೂಡಲ್ಸು. ನನ್ನ ಕಾಲ ಬಂತು ಅಂದುಕೊಂಡೆ. ನನ್ನ ರಾಗಿ ಬರುತ್ತಿದ್ದದ್ದು ಒಬ್ಬ ಅಕ್ಕಿ ವ್ಯಾಪಾರಿಯ ಕಂಟೇನರಿನ ಒಂದು ಮೂಲೆಯಲ್ಲಿ, ಎರಡು ಟನ್, ಮೂರು ಟನ್ ಹೀಗೆ. ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಇಲ್ಲಿ ನಿಲ್ಲಿಸಿಬಿಟ್ಟರು. ರಾಗಿಗೆ ಯಾವ ನಿಷೇಧವೂ ಇರಲಿಲ್ಲ. ಆದರೆ ಅಕ್ಕಿ ಕಂಟೇನರೇ ಇಲ್ಲದ ಮೇಲೆ ನನ್ನ ರಾಗಿಗೆ ಸವಾರಿ ಎಲ್ಲಿ? ಸಿರಿಧಾನ್ಯ ವರ್ಷದಲ್ಲೇ ರಾಗಿ ಮಿಲ್ಲಿನಲ್ಲಿ ಆರು ವಾರ ರಾಗಿ ಇರಲಿಲ್ಲ. ಕೊನೆಗೆ ಅಲ್ಲೇ ಹೋಲ್‌ಸೇಲಿನವರ ಹತ್ತಿರ ಕೇಜಿಗೆ ಐದು ದಿರ್ಹಮ್ ಕೊಟ್ಟು ತಂದು, ಆರೂವರೆಗೇ ಹಿಟ್ಟು ಮಾರಿದೆ. ಕಲ್ಲೂ ಇತ್ತು ಆ ರಾಗಿಯಲ್ಲಿ. ಈಗ ಬೇಳೆ ತರಿಸುವ ಇನ್ನೊಬ್ಬರ ಜೊತೆಗೂ ಮಾತಾಡಿಟ್ಟಿದ್ದೇನೆ, ಮೂರು ತಿಂಗಳ ರಾಗಿ ಯಾವಾಗಲೂ ಗೋಡೌನಿನಲ್ಲಿ ಇರುತ್ತದೆ.

ಹೋಲ್‌ಸೇಲ್ ರಾಗಿಯಲ್ಲಿ ದಿನ ತಳ್ಳುತ್ತಿದ್ದಾಗ ಸುಮ್ನೆ ಕೂರಲಾಗದೆ ಏನೇನೋ ಮಾಡಿದೆವು. ಹುರಿಹಿಟ್ಟು ಮಾಡೋಣ ಅಂತ ರಾಗಿ ಅರಳು ಹುರಿಯಲು ಹೋಗಿ ಹೊಗೆಗೆ ಅಲಾರಂ ಹೊಡೆದು, ಬಿಲ್ಡಿಂಗ್ ನಾತೂರ್ (ಕಾವಲುಗಾರ) ಮೇಲಿನವರನ್ನೆಲ್ಲ ಕೆಳಗೆ ಇಳಿಸಿದ. ಅಕ್ಕಿ ತರಿ ಮಾಡಿದೆವು, ಓಡಲಿಲ್ಲ. ಒಬ್ಬ ಇಥಿಯೋಪಿಯಾದ ಹೆಂಗಸು ಟೆಫ್ ಅನ್ನುವ ಕಾಳು ತಂದಳು. ರಾಗಿಗಿಂತ ಎಷ್ಟೋ ಸಣ್ಣದು, ಮೊದಲ ಸಲ ಅರ್ಧ ಕಾಳು ಇಡಿಯಾಗೇ ಉದುರಿತು. ಕಲ್ಲು ಇಳಿಸಿ ಉಳಿಯಲ್ಲಿ ಒರಟು ಮಾಡಿಸಿದ ಮೇಲೆ ಸರಿ ಹೋಯಿತು. ಈಗ ತಿಂಗಳಿಗೆ ಎರಡು ಶುಕ್ರವಾರ ಟೆಫ್ ದಿನ.

ಅವಳೇ ನಮ್ಮ ರಾಗಿ ಚೀಲಕ್ಕೆ ಕೈ ಹಾಕಿ ‘ದಾಗುಸ್ಸಾ!’ ಅಂದಿದ್ದು. ಅವರ ದೇಶದಲ್ಲೂ ರಾಗಿ ಬೆಳೆಯುತ್ತಾರೆ, ಇದರ ಮೂಲವೇ ಆ ಕಡೆ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ‘ರಾಗಿ’ ಲಕ್ಷ್ಮಣಯ್ಯನವರು ನಮ್ಮ ತಳಿಗೂ ಆಫ್ರಿಕಾದ ತಳಿಗೂ ಗಂಟು ಹಾಕಿಯೇ ಇಂಡಾಫ್ ತಳಿಗಳನ್ನು ಮಾಡಿದ್ದು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ನಮ್ಮಪ್ಪ ವರ್ಷಗಟ್ಟಲೆ ಇಂಡಾಫ್ ಬಿತ್ತಿದ್ದಾರೆ, ನನಗೆ ಮಾತ್ರ ಈ ಹೆಸರಿನ ಒಗಟು ಬಿಡಿಸಿದ್ದು ಶಾರ್ಜಾದಲ್ಲಿ. ತಕ್ಷಣ ಕೀನ್ಯಾ, ಉಗಾಂಡದವರ ನೆನಪಾಯಿತು. ಸೆಕ್ಯೂರಿಟಿ ಕೆಲಸದಲ್ಲಿ ಎಷ್ಟು ಹುಡುಗರಿದ್ದಾರೆ ಅಲ್ಲಿ! ಸ್ವಾಹಿಲಿಯಲ್ಲಿ ರಾಗಿಗೆ ‘ವಿಂಬಿ’ ಅನ್ನುತ್ತಾರೆ. ಬೆಳಿಗ್ಗೆ ಅವರು ಕುಡಿಯುವ ‘ಉಜಿ’ ನಮ್ಮ ಅಂಬಲಿಯ ಅಣ್ಣ. ಬಾಗಿಲಿಗೆ ‘ವಿಂಬಿ ಸಿಗುತ್ತದೆ’ ಅಂತ ಬೋರ್ಡು ಹಾಕಿದೆ. ಒಂದೇ ತಿಂಗಳಲ್ಲಿ ಇನ್ನೂರು ಕೇಜಿ ಜಾಸ್ತಿ ಹೋಯಿತು. ಈಗ ನನ್ನ ಹಿಟ್ಟಿನಲ್ಲಿ ಮೂರನೇ ಒಂದು ಭಾಗ ಅವರದೇ. ಇದು ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ನಾನು ಕೇಳಿದ್ದು ಬರೀ ಕನ್ನಡದವರ ಸೂಟ್‌ಕೇಸ್ ಅಲ್ವಾ.

ಈಗಿನ ಲೆಕ್ಕ, ನೆನಪಿನಿಂದ. ತಿಂಗಳಿಗೆ ರಾಗಿ ಎರಡು ಟನ್ ಆಸುಪಾಸು. ಕೇಜಿ ಅಲ್ಲಿಗೆ ತಲುಪುವ ಹೊತ್ತಿಗೆ 2.80 ದಿರ್ಹಮ್, ಹಿಟ್ಟಾಗಿ ಆರೂವರೆ. ಪುಡಿಗಳು ಮುನ್ನೂರು ಕೇಜಿ. ಮನೆಯವರೇ ತಂದ ಸಾಮಾನನ್ನು ಅವರವರ ಮನೆ ಅಳತೆಯಲ್ಲಿ ಹುರಿದು ಬೀಸಿಕೊಡುತ್ತೇವೆ, ಪುಡಿಯಲ್ಲಿ ಗಿರಾಕಿ ಕಟ್ಟಿ ಹಾಕಿದ್ದೇ ಇದು. ಎಲ್ಲ ಸೇರಿ ತಿಂಗಳ ವಹಿವಾಟು 22 ಸಾವಿರ. ಖರ್ಚು ಕಳೆದು ಐದೂವರೆ, ಆರು ಸಾವಿರ ಉಳಿಯುತ್ತದೆ, ರಂಜಾನ್ ತಿಂಗಳು ಮತ್ತು ಮಕ್ಕಳ ಬೇಸಿಗೆ ರಜೆಯಲ್ಲಿ ಅದರ ಅರ್ಧ. ವ್ಯಾಟ್ ಕಡ್ಡಾಯವಾಗುವ ವರ್ಷದ 3.75 ಲಕ್ಷ ದಿರ್ಹಮ್ ವಹಿವಾಟು ಇನ್ನೂ ಮುಟ್ಟಿಲ್ಲ. ಹಾಕಿದ ದುಡ್ಡಲ್ಲಿ ಮುಕ್ಕಾಲು ವಾಪಸ್ ಬಂದಿದೆ. ಹೆಂಡತಿಯ ಒಡವೆ ಬಿಡಿಸಿದ್ದಾಯಿತು. ನಾನು ಡಕ್ಟ್ ಕೆಲಸ ಬಿಟ್ಟಿಲ್ಲ, ಬಿಡುವ ಯೋಚನೆಯೂ ಸದ್ಯಕ್ಕಿಲ್ಲ.

ರಾಗಿಯನ್ನು ನಮ್ಮೂರಿನ ಹನ್ನೊಂದು ಮನೆಯಿಂದ ಕೊಳ್ಳುತ್ತೇನೆ, ಅಪ್ಪನದೂ ಸೇರಿ. 2023ರ ಸುಗ್ಗಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 3,846 ಇತ್ತು, ನಾನು ನಾಲ್ಕು ಸಾವಿರ ಕೊಟ್ಟೆ. ಊರೆಲ್ಲ ಹೊಗಳಿದರು. ಮೊನ್ನೆ ರಾತ್ರಿ ಊಟ ಮಾಡುತ್ತಾ ಅಪ್ಪ ಕೇಳಿದರು, ಆ ಕೀನ್ಯಾದವನು ಕೇಜಿಗೆ ಎಷ್ಟು ಕೊಡುತ್ತಾನೆ ಅಂತ. ಆರೂವರೆ ದಿರ್ಹಮ್, ನಮ್ಮ ದುಡ್ಡಲ್ಲಿ ನೂರೈವತ್ತರ ಹತ್ತಿರ ಅಂದೆ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು.

‘ಮತ್ತೆ ನಂಗ್ಯಾಕ್ಲಾ ನಲವತ್ತು ಕೊಟ್ಟೆ?’

ಹಡಗು, ಬಾಡಿಗೆ, ಚೆಕ್ಕು, ವೀಸಾ ಎಲ್ಲ ವಿವರಿಸಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಈ ವರ್ಷ ಐವತ್ತೆರಡಕ್ಕೆ ಒಪ್ಪಿಸಿದ್ದಾರೆ.